ಕೀಪ್ ಬಂದ ವರ್ಷ

ಕಿವಿ ಸಾಹೇಬರು ಮಡಕೆಯೊಳಗೆ ಕೈ ಹಾಕಿ ಚೀಟಿ ತೆಗೆದು ‘ಕೀಪ್’ ಎಂದು ಓದಿದಾಗ, ಬಂದರು ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಯಾಕೆ ತಟ್ಟಬಾರದು? ಅದರ ಹಿಂದಿನ ವರ್ಷ ಬಂದದ್ದು ‘ಬ್ರೇಕ್’. ಊರಿಗೆ ಹೊಸದಾಗಿ ಬಂದವರು ಪರೀಕ್ಷೆಗಾಗಿ ಲೋಟ ಒಡೆದರು, ಕೊಡ ಒಡೆದರು, ಉಪವಾಸ ಮುರಿದರು. ಒಬ್ಬ ಪುಣ್ಯಾತ್ಮನಂತೂ ಕೈಯನ್ನೇ ಮುರಿದುಕೊಂಡು, ‘ಐ ಬ್ರೋಕ್ ಮೈ ಆರ್ಮ್’ ಎಂದು ನಗುನಗುತ್ತಾ ಕೂಗಿ ಪಾಸಾದ. ಅದಕ್ಕೂ ಹಿಂದೆ ‘ರನ್’ ಬಂದಿತ್ತು. ಆಗ ವರ್ಷವಿಡೀ ಇಡೀ ಊರಿಗೆ ಏದುಸಿರು. ಅಂಥದ್ದರಲ್ಲಿ ‘ಕೀಪ್’ ಅಂದರೆ ಮನೆಮಗಳಂಥ ಕ್ರಿಯಾಪದ. ಒಡೆಯುವುದಿಲ್ಲ, ಓಡಿಸುವುದಿಲ್ಲ. ಕಟ್ಟೆಯ ಮೇಲಿದ್ದ ಕೆಲವು ಗಂಡಸರಿಗೆ ಆ ಪದದ ಒಂದೇ ಒಂದು ಅರ್ಥ ಗೊತ್ತಿತ್ತು, ಮೀಸೆಯೊಳಗೇ ನಕ್ಕರು. ನಾನು ಒಮ್ಮೆ ತಿರುಗಿ ನೋಡಿದೆ. ಇಪ್ಪತ್ತಾರು ವರ್ಷ ಪಾಠ ಹೇಳಿದ ಕಣ್ಣು ಅದು, ನಗು ಅಲ್ಲಿಗೇ ನಿಂತಿತು.

ನಮ್ಮೂರಲ್ಲಿ ಮಾಡದ ಕೆಲಸದ ಮಾತು ಬಾಯಿಂದ ಹೊರಡುವುದಿಲ್ಲ. ತುಟಿ ಆಡುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ಸದ್ದು ಮಾತ್ರ ಇಲ್ಲ. ನೀರಿಗಿಳಿಯದವನ ಬಾಯಲ್ಲಿ ‘ಈಜು’ ಬಾರದು, ಒಲೆಯ ಮುಂದೆ ನಿಲ್ಲದವನ ಬಾಯಲ್ಲಿ ‘ಒಗ್ಗರಣೆ ಹಾಕು’ ಬಾರದು. ಪಕ್ಕದ ಊರುಗಳಲ್ಲಿ ಚುನಾವಣೆಯ ಭಾಷಣ ಮೂರು ಗಂಟೆ ನಡೆಯುತ್ತದಂತೆ. ನಮ್ಮಲ್ಲಿ ಅಭ್ಯರ್ಥಿಗಳು ವೇದಿಕೆ ಹತ್ತಿ ‘ಬಂದೆ, ಉಂಡೆ, ಮಲಗಿದೆ’ ಎಂದು ಹೇಳಿ, ಉಳಿದದ್ದಕ್ಕೆ ಸುಮ್ಮನೆ ಕೈಮುಗಿದು ಇಳಿದುಬಿಡುತ್ತಾರೆ. ಸಾವಿನ ಸುದ್ದಿ ಹೇಳಲು ಊರಿಗೆಲ್ಲ ಇರುವವರು ಬೋರಲಿಂಗಣ್ಣ ಒಬ್ಬರೇ. ಹಿಂದೊಮ್ಮೆ ಅವರು ತೀರಿಕೊಂಡು, ಚಟ್ಟ ಕಟ್ಟುವ ಹೊತ್ತಿಗೆ ಎದ್ದು ಕೂತು ಕಾಫಿ ಕೇಳಿದವರು. ಯಾರ ಮನೆಯಲ್ಲಿ ಏನಾದರೂ ಅವರನ್ನು ಕರೆಸುತ್ತಾರೆ. ಅವರು ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ ‘ತೀರಿಕೊಂಡರು’ ಎನ್ನುತ್ತಾರೆ, ಆಮೇಲೆ ಅಳು ಶುರು. ಬರೆಯುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಅದಕ್ಕೇ ನಾನು ಇಲ್ಲಿ ಇಷ್ಟು ಧಾರಾಳವಾಗಿ ಬರೆಯುತ್ತಿದ್ದೇನೆ.

ಹೊರಗಿನಿಂದ ಬಂದವರ ಪಾಡು ಇನ್ನೂ ಕಷ್ಟ. ಬೇರೆ ಊರಲ್ಲಿ ಮಾಡಿದ್ದು ಇಲ್ಲಿ ನಡೆಯುವುದಿಲ್ಲ, ಇಲ್ಲಿಯ ನೆಲದ ಮೇಲೆ ಮತ್ತೆ ಮಾಡಬೇಕು. ಹಡಗಿನಿಂದ ಇಳಿದ ಗಳಿಗೆಯಲ್ಲಿ ಅವರ ಬಾಯಲ್ಲಿ ಉಳಿದಿರುವುದು ‘ಬಂದೆ’ ಎಂಬ ಮಾತೊಂದೇ, ಅವರ ಭಾಷೆ ಯಾವುದೇ ಇರಲಿ. ಅವರಿಗೆ ಹತ್ತು ತಿಂಗಳ ಗಡುವು. ಬಂದರು ಕಚೇರಿಯ ಕಾಗದಪತ್ರವೆಲ್ಲ ಯಾವ ಕಾಲದಿಂದಲೋ ಇಂಗ್ಲಿಷಿನಲ್ಲಿರುವುದರಿಂದ ಪರೀಕ್ಷೆಯೂ ಇಂಗ್ಲಿಷಿನಲ್ಲೇ. ಇಳಿದ ದಿನ ಮಡಕೆಯಿಂದ ಒಂದು ಕ್ರಿಯಾಪದ ತೆಗೆಯುತ್ತಾರೆ. ಅದನ್ನು ಯಾವ ಹತ್ತು ಬಗೆಯಲ್ಲಿ ಬಳಸಬೇಕು ಎಂಬುದು ಚೀಟಿಯ ಹಿಂಬದಿಯಲ್ಲೇ ಇರುತ್ತದೆ. ಗಡುವು ಮುಗಿದ ದಿನ ಮನೆಯವರೆಲ್ಲರ ಪರವಾಗಿ ಒಬ್ಬರು ಹತ್ತು ವಾಕ್ಯ ಹೇಳಬೇಕು, ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತ ಅಧಿಕಾರಿಗೆ ಹತ್ತೂ ಕೇಳಿಸಬೇಕು. ಅವರಿಗೆ ಕಿವಿ ಸಾಹೇಬರೆಂಬ ಹೆಸರು ಬಂದದ್ದು ಹಾಗೆ. ಕೇಳಿಸಿದರೆ ಊರು ನಿಮ್ಮದು, ಒಂದು ಕಮ್ಮಿಯಾದರೂ ಅದೇ ಸಂಜೆಯ ಹಡಗು. ಮೊದಲಿನಿಂದ ನಡೆದುಬಂದ ಇನ್ನೊಂದು ಪದ್ಧತಿಯೂ ಇದೆ. ಪ್ರತಿ ವಾಕ್ಯವನ್ನೂ ಮೊದಲು ಟೀಚರ್ ಹೇಳಬೇಕು, ಆಮೇಲೆ ಕಲಿತವರು. ಟೀಚರ ಬಾಯಲ್ಲಿ ಬಾರದ ಮಾತನ್ನು ಕಲಿತವರು ಎಷ್ಟು ಜೋರಾಗಿ ಹೇಳಿದರೂ ಬರೆದುಕೊಳ್ಳುವುದಿಲ್ಲ.

ಆ ಟೀಚರು ನಾನು, ಕನಕವಲ್ಲಿ. ಚೀನೀ ಮಾತಾಡುವವರು ಯಾರು ಬಂದರೂ ನನ್ನ ಪಾಲಿಗೇ ಬಿಡುತ್ತಾರೆ. ಬಂದರಿನ ಹಿಂದಿನ ಬೀದಿಯಲ್ಲಿ ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆದು ಇಸ್ತ್ರಿ ಮಾಡುವವರು ಎಲ್ಲ ನನ್ನ ಹಳೆಯ ಶಿಷ್ಯರೇ. ಆ ವರ್ಷ ಬಂದವರು ಇಬ್ಬರೇ: ಎಪ್ಪತ್ತು ದಾಟಿದ ಗ್ವೋ ತಾತ, ಅವರ ಸೊಸೆ ಹ್ವೇಫನ್. ತಾತನದು ಹಲ್ಲು ಕೀಳುವ, ಹಲ್ಲು ಕಟ್ಟುವ ಕಸುಬು. ಹಡಗಿನಿಂದ ಅವರ ಸಾಮಾನು ಇಳಿಸಿದಾಗ ಮೊದಲು ಕಾಣಿಸಿದ್ದು ಒಂದು ಕಬ್ಬಿಣದ ಕುರ್ಚಿ, ತಲೆ ಆನಿಸಲು ಸಣ್ಣ ದಿಂಬು ಇದ್ದದ್ದು. ನನಗೆ ಆಗಲೇ ಕೆಳದವಡೆಯ ಒಂದು ಹಲ್ಲು ಎರಡು ವರ್ಷದಿಂದ ಜೀವ ತಿನ್ನುತ್ತಿತ್ತು. ಕುರ್ಚಿ ನೋಡಿ ಉತ್ಸಾಹ ಉಕ್ಕಿಬಂತು.

“ನೋಡಿ ತಾತ, ಈ ಹಲ್ಲು!” ಎಂದು ಅಲ್ಲೇ ಬಾಯಿ ತೆರೆದು ತೋರಿಸಿದೆ. “ಪರೀಕ್ಷೆಗೆ ಮುಂಚೆ ನಿಮ್ಮ ಹತ್ರ ಬರ್ತೀನಿ. ಊರಲ್ಲೆಲ್ಲ ಮೊದಲು ನಾನೇ ಬರ್ತೀನಿ!”

ಅಲ್ಲಿದ್ದ ಹಳೆಯ ಶಿಷ್ಯರೊಬ್ಬರು ಅದನ್ನು ಅವರ ಭಾಷೆಯಲ್ಲಿ ಹೇಳಿದರು. ತಾತ ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದರು. ಅದೇ ಉಸಿರಿನಲ್ಲಿ ನಾನು ಹ್ವೇಫನ್‌ಗೆ ಒಂದು ಒಳ್ಳೆಯ ಕೊಡೆ ಕೊಡುತ್ತೇನೆಂದೂ, ಸಂತೆಗೆ ಜೊತೆಗೆ ಬರುತ್ತೇನೆಂದೂ, ನಮ್ಮನೆಯ ಹುಳಿಯ ಪುಡಿ ಕಳಿಸುತ್ತೇನೆಂದೂ ಹೇಳಿದೆ. ಹೇಳುವುದರಲ್ಲಿ ನನ್ನ ಕೈ ಯಾವಾಗಲೂ ದೊಡ್ಡದು.

ಪಾಠ ಶುರುವಾಯಿತು. ಅಬ್ಬಾ, ಎಂಥ ವರ್ಷ ಅದು! ಹ್ವೇಫನ್‌ಗೆ ಮೂವತ್ತನಾಲ್ಕು ವಯಸ್ಸು, ಸಣಕಲು ಮೈ, ಕೈಯಲ್ಲಿ ಯಾವಾಗಲೂ ಒಂದು ನೀಲಿ ರಟ್ಟಿನ ನೋಟುಪುಸ್ತಕ. ಮೊದಲ ದಿನವೇ ನಾನು ಬೋರ್ಡಿನ ಮೇಲೆ ಹತ್ತು ವಾಕ್ಯ ಬರೆದಾಗ ಅವಳು ಹಣೆ ಚಚ್ಚಿಕೊಂಡಳು. ಅವರ ಭಾಷೆಯಲ್ಲಿ ಕೋಳಿ ಸಾಕುವುದಕ್ಕೆ ಒಂದು ಮಾತು, ಗುಟ್ಟು ಬಿಡದಿರುವುದಕ್ಕೆ ಇನ್ನೊಂದು, ಉಳಿದದ್ದನ್ನು ಎತ್ತಿಡುವುದಕ್ಕೆ ಮತ್ತೊಂದು, ಕೊಟ್ಟ ಮಾತಿಗೆ ನಿಲ್ಲುವುದಕ್ಕೆ ಬೇರೆಯೇ. ಎಲ್ಲವನ್ನೂ ಇಂಗ್ಲಿಷಿನವರು ಒಂದೇ ಪದದಲ್ಲಿ ತುರುಕಿದ್ದಾರೆಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ.

“ನಮಗೂ ಹಾಗೇನಮ್ಮ,” ಎಂದೆ. “ಸಾಕೋದು ಬೇರೆ, ಕಾಯೋದು ಬೇರೆ, ಉಳಿಸೋದು ಬೇರೆ. ಅವರಿಗೆ ಎಲ್ಲಾ ಒಂದೇ ಡಬ್ಬಿ. ನೀನು ಡಬ್ಬಿ ನೋಡ್ಬೇಡ, ಒಳಗಿನ ಸಾಮಾನು ನೋಡು.”

ಅವಳು ನೋಟುಪುಸ್ತಕದಲ್ಲಿ ಹತ್ತು ಪುಟ ಮಾಡಿದಳು, ಪುಟಕ್ಕೊಂದು ಚೀನೀ ಅಕ್ಷರ. ಹತ್ತನೆಯ ಪುಟದ ಅಕ್ಷರ ನನಗೆ ತುಂಬ ಹಿಡಿಸಿತು. ಅದನ್ನು ‘ಷೊವ್’ ಅನ್ನುತ್ತಾರಂತೆ. ಮೇಲೊಂದು ಮನೆಯ ಮಾಡು, ಕೆಳಗೊಂದು ಕೈ. ಮಾಡಿನ ಕೆಳಗೆ ಕೈ ಇಟ್ಟು ಅಲ್ಲೇ ಕೂತುಬಿಡುವುದು, ಬಿಟ್ಟು ಕದಲದಿರುವುದು ಎಂದು ಅವಳು ಕೈಸನ್ನೆಯಲ್ಲಿ ಹೇಳಿಕೊಟ್ಟಳು.

ಒಂದೊಂದೇ ಮಾತು ಅವಳ ಬಾಯಿಗೆ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎರಡನೆಯ ವಾರವೇ ಅವಳು ಹನ್ನೆರಡು ಕೋಳಿ ತಂದು ಸಾಕಿದಳು. ಪರೀಕ್ಷೆಗೆ ಒಂದು ಕೋಳಿ ಸಾಕಾಗಿತ್ತು. ಇವಳದು ಎಷ್ಟು ಶ್ರದ್ಧೆ ನೋಡಿ ಎಂದು ಊರೆಲ್ಲ ಹೇಳಿಕೊಂಡು ಬಂದೆ. ‘ಐ ಕೀಪ್ ಹೆನ್ಸ್’ ಎಂದು ಅವಳು ಮೊದಲ ಸಲ ಕೂಗಿದಾಗ ಹನ್ನೆರಡೂ ಬೆಚ್ಚಿ ಬೇಲಿ ಹಾರಿದವು, ನಾವಿಬ್ಬರೂ ಬೀದಿಯುದ್ದ ಅವನ್ನು ಅಟ್ಟಿ ಹಿಡಿದೆವು. ‘ಐ ಕೀಪ್ ಕ್ವೈಯಟ್’ಗಾಗಿ ಅವಳು ಮೂರು ದಿನ ಮೌನ ಹಿಡಿದಳು. ನನಗೆ ಆ ಮಾತು ಬರುತ್ತಿದ್ದುದು ಟೈಫಾಯಿಡ್ ಬಂದು ಬಿದ್ದಿದ್ದ ಪುಣ್ಯದಿಂದ. ‘ಐ ಕೀಪ್ ರೋಯಿಂಗ್’ ಎನ್ನಲು ಇಬ್ಬರೂ ದೋಣಿ ಹತ್ತಿ, ಕೈ ಬೊಬ್ಬೆಯೇಳುವವರೆಗೆ ಹುಟ್ಟು ಹಾಕಿದೆವು. ‘ಐ ಕೀಪ್ ಪೀಪಲ್ ವೇಟಿಂಗ್’, ಅಂದರೆ ಜನರನ್ನು ಕಾಯಿಸುತ್ತೇನೆ ಎಂಬುದು ಬಂದ ದಿನ ನಾನು ಹೇಳಿದ್ದು ಹೊಳೆಯ ಆಚೆ ದಡಕ್ಕೂ ಕೇಳಿಸಿ, ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಊರಲ್ಲಿ ಯಾರೂ ಆ ಮಾತನ್ನು ಅಷ್ಟು ಜೋರಾಗಿ ಹೇಳಿದ್ದಿಲ್ಲವಂತೆ. ನಾನು ಅದನ್ನೂ ಹೊಗಳಿಕೆ ಎಂದುಕೊಂಡೆ. ಇನ್ನು ‘ಐ ಕೀಪ್ ಎ ಸೀಕ್ರೆಟ್’. ಅದನ್ನು ಹ್ವೇಫನ್ ಹೇಳಿದಾಗ ಕಿಟಕಿಯ ಗಾಜು ಅದುರಿತು.

“ಏನೇ ಅದು, ಅಷ್ಟು ದೊಡ್ಡ ಗುಟ್ಟು?” ಎಂದು ಕೆಣಕಿದೆ.

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳು ನಗುತ್ತಿದ್ದಾಳೆಂದು ನಾನು ತಿಳಿದೆ.

ಹತ್ತನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆ, ಸುಲಭದ್ದು ಎಂದು. ‘ಐ ಕೀಪ್ ಮೈ ವರ್ಡ್.’ ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ. ಪರೀಕ್ಷೆಗೆ ಎಂಟು ದಿನ ಇರುವಾಗ ಬೋರ್ಡಿನ ಮುಂದೆ ನಿಂತು, ಸೀಮೆಸುಣ್ಣ ಎತ್ತಿ ಹಿಡಿದು, ನನ್ನ ಎಂದಿನ ಗತ್ತಿನಲ್ಲಿ ಬಾಯಿ ತೆರೆದೆ.

ಸದ್ದಿಲ್ಲ.

ಕೆಮ್ಮಿ, ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದೆ. ‘ಐ’ ಬಂತು, ಆಮೇಲೆ ಬರೀ ಗಾಳಿ. ಕನ್ನಡದಲ್ಲಿ ಹೇಳಿ ನೋಡಿದೆ, ಅದೂ ಇಲ್ಲ. ಐವತ್ತೆರಡು ವರ್ಷ ಇದೇ ಊರಿನ ಗಾಳಿ ಕುಡಿದು, ಹುಟ್ಟಿದಾಗಿನಿಂದ ಎಲ್ಲರಿಗೂ ಮಾತು ಕೊಡುತ್ತಾ ಬಂದವಳು ನಾನು. ಒಂದನ್ನೂ, ಒಂದೇ ಒಂದನ್ನೂ ಉಳಿಸಿಕೊಂಡಿರಲಿಲ್ಲ. ನನ್ನ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಹ್ವೇಫನ್ ಮೆಲ್ಲಗೆ ಎದ್ದು, ತನ್ನ ಸರದಿ ಎಂಬಂತೆ ಅದೇ ವಾಕ್ಯಕ್ಕೆ ಬಾಯಿ ತೆರೆದಳು. ಅವಳದೂ ಸದ್ದಿಲ್ಲ. ಇಬ್ಬರೂ ಮೀನಿನ ಹಾಗೆ ಬಾಯಿ ಬಡಿಯುತ್ತಾ ಎದುರುಬದುರು ನಿಂತೆವು.

“ನೀನು ಯಾರಿಗೂ ಮಾತು ಕೊಟ್ಟಿಲ್ವಾ?” ಎಂದೆ.

“ಕೊಟ್ಟೆ ಟೀಚರಮ್ಮ. ಒಂದೇ,” ಎಂದಳು. “ಅದು ಇನ್ನೂ ಆಗಿಲ್ಲ.”

ಅದು ಏನೆಂದು ಕೇಳುವಷ್ಟು ತಾಳ್ಮೆ ನನಗೆಲ್ಲಿತ್ತು? ನನ್ನ ತಲೆಯಲ್ಲಿ ಸುತ್ತುತ್ತಿದ್ದುದು ಒಂದೇ. ಒಂಬತ್ತು ವಾಕ್ಯ ಬಂದರೂ ಬಾರದಿದ್ದಂತೆ. ನನ್ನ ಬಾಯಿಯೊಂದರಿಂದ ಆ ಮುದುಕರು ಮತ್ತೆ ಹಡಗು ಹತ್ತಬೇಕು, ಇವಳು ನೋಟುಪುಸ್ತಕ ಎದೆಗೊತ್ತಿಕೊಂಡು ಹಿಂದೆ ಹೋಗಬೇಕು. ಹಾಗಾಗಲು ಬಿಡಬಾರದು ಎಂದು ಹಲ್ಲು ಕಚ್ಚಿದೆ. ಆ ಹಾಳು ಹಲ್ಲು ನೆತ್ತಿಯವರೆಗೆ ಚುಚ್ಚಿತು.

ಮಾರನೆಯ ಬೆಳಿಗ್ಗೆಯಿಂದ ಸೆರಗು ಸಿಕ್ಕಿಸಿಕೊಂಡು ಊರು ಸುತ್ತಿದೆ. ಕಂಡಕಂಡವರನ್ನು ನಿಲ್ಲಿಸಿ, “ನಾನು ನಿಮಗೇನಾದ್ರೂ ಮಾತು ಕೊಟ್ಟಿದ್ನಾ?” ಎಂದು ಕೇಳಿದೆ. ಜನ ಮೊದಲು ಬೆಪ್ಪಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರ ಮದುವೆಗೆ ಬರುತ್ತೇನೆ ಎಂದಿದ್ದೆನಂತೆ, ಅವರ ಮಗಳು ಈಗ ಮೂರನೆಯ ಕ್ಲಾಸು. ಇನ್ನೊಬ್ಬರಿಗೆ ಹೊಲಿಗೆ ಕಲಿಸುತ್ತೇನೆ ಎಂದಿದ್ದೆ, ಅವರು ಬೇರೆಯವರ ಹತ್ತಿರ ಕಲಿತು ಈಗ ನನ್ನ ರವಿಕೆಯನ್ನೇ ಹೊಲಿಯುತ್ತಿದ್ದಾರೆ. ಪಕ್ಕದ ಮನೆಯ ಪುಟ್ಟಗೌರಮ್ಮನಿಗೆ ಮಿಡಿಗಾಯಿ ಉಪ್ಪಿನಕಾಯಿ ಕೊಡುತ್ತೇನೆ ಎಂದು ಒಂಬತ್ತು ವರ್ಷ. ಹೋಗಲಿ, ಇದಾದರೂ ಆಗಲಿ ಎಂದು ಭರಣಿಯನ್ನೇ ಎತ್ತಿಕೊಂಡು ಓಡಿದೆ.

“ತಗೊಳ್ಳಿ!” ಎಂದು ಅವರ ಜಗಲಿಯ ಮೇಲಿಟ್ಟು, ಅಲ್ಲೇ ನಿಂತು ಬಾಯಿ ತೆರೆದೆ. ಏನೂ ಬರಲಿಲ್ಲ.

ಪುಟ್ಟಗೌರಮ್ಮ ಭರಣಿಯ ಬಟ್ಟೆ ಬಿಚ್ಚಿ ಮೂಸಿ ನೋಡಿದರು. “ಚೆನ್ನಾಗಿದೆ ಕಣ್ರೀ. ಆದ್ರೆ ನಾನು ಕೇಳಿದ್ದು ನಮ್ಮ ಹುಡುಗಿ ಬಸುರಿ ಇದ್ದಾಗ, ಅವಳ ಬಾಯಿಗೆ. ಈಗ ಯಾರಿಗ್ರೀ ಕೊಡ್ಲಿ?”

ಹಳೆಯದೆಲ್ಲ ಹಳಸಿದೆ, ಹೊಸದಾಗಿ ಕೊಡೋಣ ಎಂದು ಹೊರಟೆ. ಹಾಲಿನವಳಿಗೆ, “ನಾಳೆ ಬೆಳಿಗ್ಗೆ ಆರಕ್ಕೆ ನಾನೇ ನಿನ್ನ ಮನೆಗೆ ಬರ್ತೀನಿ,” ಎಂದೆ. ಹೋದೆ ಕೂಡ, ಐದೂ ಮುಕ್ಕಾಲಿಗೇ. ಅವಳು ಬಾಗಿಲು ಹಾಕಿಕೊಂಡು ಹಸು ಹೊಡೆದುಕೊಂಡು ಹೋಗಿಯಾಗಿತ್ತು. ಅಂಚೆಯವರಿಗೆ ಮಜ್ಜಿಗೆ ತರುತ್ತೇನೆ ಎಂದು ಹೇಳಿ ತಂದರೆ ಅವರಾಗಲೇ ಕುಡಿದು ಮುಗಿಸಿದ್ದರು. ಐದು ದಿನದಲ್ಲಿ ಹದಿನಾಲ್ಕು ಮಾತು ಕೊಟ್ಟು ಹದಿನಾಲ್ಕನ್ನೂ ಮಾಡಿ ಮುಗಿಸಿದೆ. ನನ್ನ ಜೀವಮಾನದಲ್ಲಿ ಅಂಥ ಓಡಾಟ ಓಡಾಡಿದ್ದಿಲ್ಲ. ಆ ವಾಕ್ಯ ಮಾತ್ರ ಗಂಟಲಿನಿಂದ ಮೇಲೆ ಏಳಲೊಲ್ಲದು.

ಕೊನೆಗೆ ಬೋರಲಿಂಗಣ್ಣನವರ ಜಗಲಿಯ ಮೇಲೆ ಕುಸಿದು ಕೂತೆ. ಅವರು ಹೋಗಿ ಬಂದವರಾದ್ದರಿಂದ ಎಲ್ಲವನ್ನೂ ನಿಧಾನವಾಗಿ ನೋಡುತ್ತಾರೆ.

“ಟೀಚರೇ, ನೀವು ಬರ್ತೀನಿ ಅಂದ್ರಿ, ಹೋದ್ರಿ. ಸರಿ,” ಎಂದರು. “ಆದ್ರೆ ಅಲ್ಲಿ ಯಾರು ಕಾಯ್ತಿದ್ರು? ನೀವು ಬರ್ತೀನಿ ಅಂದ್ರೆ ಈ ಊರಲ್ಲಿ ಜನ ಬಾಗಿಲು ಹಾಕ್ಕೊಂಡು ಬೇರೆ ಕಡೆ ಹೋಗ್ತಾರೆ. ನಿಮ್ಮ ಮಾತನ್ನ ನಂಬಿ ಕೂತಿರೋ ಒಬ್ಬೇ ಒಬ್ಬರನ್ನ ಹುಡುಕಿ. ಆಗ ನೋಡೋಣ.”

ಅವರು ಕಾಫಿ ಕೊಟ್ಟರು. ನಾನು ಲೋಟವನ್ನು ಪಕ್ಕಕ್ಕಿಟ್ಟೆ. ನಂಬಿ ಕೂತಿರುವವರು! ಇಡೀ ಊರನ್ನು ಬೀದಿ ಬೀದಿಯಾಗಿ ಮನಸ್ಸಿನಲ್ಲೇ ಸುತ್ತಿ ಬಂದೆ, ಒಬ್ಬರೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಬಂದೇಬಂತು. ಹನ್ನೊಂದು ಗಂಟೆಗೆ ಬಂದರಿನ ಸೈರನ್ ಕೂಗಿದಾಗ ಶುರು. ಒಂಬತ್ತಕ್ಕೆ ನಾನು ಹ್ವೇಫನ್‌ಳ ಮನೆಯ ಕಡೆ ಕಾಲೆಳೆದುಕೊಂಡು ಹೊರಟೆ. ನನ್ನಿಂದಾಗಲಿಲ್ಲ, ಸಾಮಾನು ಕಟ್ಟಿಕೊಳ್ಳಿ ಎಂದು ಹೇಳುವುದಕ್ಕೆ. ಹತ್ತು ತಿಂಗಳೂ ಅವಳೇ ನನ್ನ ಮನೆಗೆ ಪಾಠಕ್ಕೆ ಬರುತ್ತಿದ್ದಳು. ಕೋಳಿ ಅಟ್ಟಿದ ದಿನವೂ ಬೇಲಿಯಾಚೆಯಿಂದಲೇ ಹಿಂದಿರುಗಿದ್ದೆ, ನಾನು ಅವರ ಹೊಸ್ತಿಲು ತುಳಿದದ್ದು ಅದೇ ಮೊದಲು. ಬರುತ್ತೇನೆ, ಬರುತ್ತೇನೆ ಎಂದು ಹೇಳಿದ್ದಕ್ಕೆ ಮಾತ್ರ ಮಿತಿಯಿರಲಿಲ್ಲ.

ಅಂಗಳದಲ್ಲಿ ಕೋಳಿಗಳು. ಬಾಗಿಲು ತೆರೆದಿತ್ತು. ಒಳಗೆ ಮುಂಗೋಣೆಯ ನಡುಮಧ್ಯೆ ಆ ಕಬ್ಬಿಣದ ಕುರ್ಚಿ, ಮೇಲೆ ಒಗೆದು ಮಡಿಸಿದ ಗೆರೆ ಕಾಣುವ ಬಿಳಿ ಬಟ್ಟೆ. ಪಕ್ಕದ ಸ್ಟೌವಿನ ಮೇಲೆ ನೀರು ಕುದಿಯುತ್ತಿತ್ತು, ತಟ್ಟೆಯಲ್ಲಿ ಇಕ್ಕಳಗಳು ಸಾಲಾಗಿ ಮಿನುಗುತ್ತಿದ್ದವು. ಕುರ್ಚಿಯ ಕೈ ಹಿಡಿದುಕೊಂಡು ಗ್ವೋ ತಾತ ಒಂದು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತಿದ್ದರು, ಇಸ್ತ್ರಿಯಾದ ಬಿಳಿ ಕೋಟು ತೊಟ್ಟು. ನನ್ನನ್ನು ನೋಡಿದ್ದೇ ತಡ ಎದ್ದು ನಿಂತರು, ಒಂದೇ ಕೈಯಲ್ಲಿ ಬಟ್ಟೆ ಎಳೆದು ತೆಗೆದು ಕುರ್ಚಿಯನ್ನು ನನ್ನತ್ತ ತಿರುಗಿಸಿದರು.

“ಬಂದ್ರಿ!” ಎಂದರು. ಮುಖದ ಸುಕ್ಕುಗಳೆಲ್ಲ ನಗುತ್ತಿದ್ದವು. “ಕಾದೆ. ನಾನು ಕಾದೆ.”

ಆ ‘ಕಾದೆ’ ಎಂಥ ಗಟ್ಟಿ ಮಾತು! ಹತ್ತು ತಿಂಗಳು ದಿನಾಗಲೂ ಮಾಡಿದ ಕೆಲಸದ ಮಾತು ಅದು, ಗೋಡೆಗೆ ತಾಗಿ ನನ್ನ ಎದೆಗೆ ಬಂತು.

ಒಳಗಿನಿಂದ ಹ್ವೇಫನ್ ಓಡಿಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

“ಏನೇ ಇದು?” ಎಂದೆ. “ಇನ್ನೂ ಯಾರನ್ನೂ ಕೂರಿಸಿಲ್ವಾ ಇದರಲ್ಲಿ? ಊರಲ್ಲಿ ಎಷ್ಟು ಜನ ದವಡೆ ಹಿಡ್ಕೊಂಡು ಓಡಾಡ್ತಾರೆ!”

ಅವಳು ತಲೆ ತಗ್ಗಿಸಿ ಹೇಳಿದಳು. ಅವರ ಮನೆತನದಲ್ಲಿ ಹೊಸ ಊರಿಗೆ ಹೋದಾಗ, ‘ಬರ್ತೀನಿ’ ಎಂದು ಮೊದಲು ಮಾತು ಕೊಟ್ಟವರೇ ಕುರ್ಚಿಯಲ್ಲಿ ಮೊದಲು ಕೂರಬೇಕು. ಅವರು ಬರುವವರೆಗೆ ಬೇರೆಯವರ ಬಾಯಿಗೆ ಕೈ ಹಾಕುವುದಿಲ್ಲ. ತಾತನ ತಾತನ ಕಾಲದಿಂದಲೂ ಹಾಗೆ. ಬಂದವರನ್ನೆಲ್ಲ ತಾತ ಕೈಮುಗಿದು ಹಿಂದೆ ಕಳಿಸಿದ್ದಾರೆ. ಊರಿನವರು ಪರೀಕ್ಷೆ ಆಗುವವರೆಗೆ ಅಂಗಡಿ ತೆರೆಯುವುದಿಲ್ಲವೇನೋ ಎಂದುಕೊಂಡು ಸುಮ್ಮನಾಗಿದ್ದಾರೆ.

“ಮತ್ತೆ ಊಟಕ್ಕೆ?” ಎಂದೆ.

“ಕೋಳಿ,” ಎಂದಳು. “ಮೊಟ್ಟೆ ಮಾರ್ತೀನಿ.”

ಹನ್ನೆರಡು ಕೋಳಿ! ಪಾಠದ ಮೇಲಿನ ಶ್ರದ್ಧೆ ಎಂದು ನಾನು ಊರೆಲ್ಲ ಡಂಗುರ ಹೊಡೆದ ಆ ಹನ್ನೆರಡು ಕೋಳಿ ಇವರ ಹೊಟ್ಟೆ ಹೊರೆಯುತ್ತಿದ್ದವು, ನಾನು ಬರುತ್ತೇನೆಂದು ಹೇಳಿ ಬಾರದೆ ಇದ್ದುದಕ್ಕೆ. ನಾಚಿಕೆಯಿಂದ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. “ಒಂದು ಮಾತು ಹೇಳಬಾರದಿತ್ತೇನೇ ನನಗೆ?”

“ಹೇಳಿದ್ರೆ ನಿಮಗೆ ಅವಮಾನ. ಅದಕ್ಕೇ ಗುಟ್ಟು,” ಎಂದಳು. ಕಿಟಕಿಯ ಗಾಜು ಅದುರಿಸಿದ ಗುಟ್ಟು ಇದೇ.

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಈಗ ಹೇಳಲಾರೆ. ಬೋರಲಿಂಗಣ್ಣ ಹುಡುಕಿ ಎಂದಿದ್ದ ಆ ಒಬ್ಬರು ಇಲ್ಲಿ ಬಿಳಿ ಕೋಟು ತೊಟ್ಟು, ಇಕ್ಕಳ ಕುದಿಸಿಕೊಂಡು, ದಿನಾ ಬೆಳಿಗ್ಗೆ ಕುರ್ಚಿಯ ಧೂಳು ಒರೆಸುತ್ತಾ ಕೂತಿದ್ದರು. ಗೋಡೆಯ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ‘ಪರೀಕ್ಷೆಗೆ ಮುಂಚೆ’ ಎಂದಿದ್ದೆ. ಪರೀಕ್ಷೆ ಇನ್ನೂ ಆಗಿರಲಿಲ್ಲ. ಆಗಿರಲಿಲ್ಲ!

ಹೋಗಿ ಕುರ್ಚಿಯಲ್ಲಿ ಕೂತೆ. ನಿಜ ಹೇಳಬೇಕೆಂದರೆ ಹತ್ತಿರ ಹತ್ತಿರ ಮೂರು ವರ್ಷ ಹಲ್ಲು ನೋವು ತಿಂದು ಕೀಳಿಸದೆ ಬಿಟ್ಟಿದ್ದು ಮರೆವಿನಿಂದಲ್ಲ, ಭಯದಿಂದ. ಇಕ್ಕಳ ನೋಡಿದ್ದೇ ಕುರ್ಚಿಯಿಂದ ಎದ್ದು ಓಡಲು ಕಾಲೆತ್ತಿದೆ. ಹ್ವೇಫನ್ ಕಾಲು ಒತ್ತಿ ಹಿಡಿದಳು. ತಾತ ಸೂಜಿ ಚುಚ್ಚಿದರು, ಅರ್ಧ ಮುಖ ಮರಗಟ್ಟಿತು. ಆಮೇಲೆ ಅವರ ಭಾಷೆಯಲ್ಲಿ ಒಂದು, ಎರಡು ಎಂದು ಎಣಿಸಿದರು. ಮೂರರವರೆಗೆ ಸಮಯ ಇದೆ ಎಂದು ನಾನು ಕಣ್ಣು ಮುಚ್ಚಿದ್ದೆ. ಎರಡಕ್ಕೇ ಎಳೆದುಬಿಟ್ಟರು.

ಹಲ್ಲನ್ನು ಇಕ್ಕಳದಲ್ಲಿ ಮೇಲೆತ್ತಿ ಹಿಡಿದು ತಾತ ಒಂದು ಮಾತು ಕೂಗಿದರು. ಅವರದೇ ಭಾಷೆಯ ಸಣ್ಣ ಮಾತು. ಮತ್ತೆ ಕೂಗಿದರು, ಮತ್ತೆ ಮತ್ತೆ. ಹ್ವೇಫನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಏನಂತೆ?” ಎಂದೆ ಹತ್ತಿಯ ಉಂಡೆಯ ಸಂದಿಯಿಂದ.

ಅವಳು ಹಲ್ಲು ಕಿತ್ತವಳಲ್ಲ, ಆ ಮಾತು ಅವಳ ಬಾಯಲ್ಲಿ ಬಾರದು. ‘ಹಲ್ಲು ಕಿತ್ತೆ’ ಎಂದು ನೋಟುಪುಸ್ತಕದಲ್ಲಿ ಬರೆದು ತೋರಿಸಿದಳು. “ಈ ಊರಿಗೆ ಬಂದ ಮೇಲೆ ಮಾವ ಆ ಮಾತು ಹೇಳೇ ಇಲ್ಲ ಟೀಚರಮ್ಮ. ಬರ್ತಿರ್ಲಿಲ್ಲ.”

ಐವತ್ತು ವರ್ಷ ಮಾಡಿದ ಕಸುಬಿನ ಹೆಸರು ಹತ್ತು ತಿಂಗಳು ಅವರ ಬಾಯಲ್ಲಿ ಸದ್ದಿಲ್ಲದೆ ಬಿದ್ದಿತ್ತು, ನನ್ನೊಬ್ಬಳ ಬಾಯಿಂದಾಗಿ. ಈಗ ಅದು ವಾಪಸು ಬಂದಿತ್ತು. ತಾತ ಅಂಗಳಕ್ಕೆ ಹೋಗಿ ಕೋಳಿಗಳಿಗೂ ಅದನ್ನು ಹೇಳಿದರು.

ರಕ್ತ ನಿಲ್ಲಲಿ ಎಂದು ಕೂತಿರುವಾಗಲೇ ಹನ್ನೊಂದಾಗಿ ಸೈರನ್ ಕೂಗಿತು! ಹ್ವೇಫನ್ ನೋಟುಪುಸ್ತಕ ಎತ್ತಿಕೊಂಡಳು, ನಾನು ಸೆರಗು ಸುತ್ತಿಕೊಂಡೆ, ತಾತ ಕೋಟಿನಲ್ಲೇ ಹೊರಟರು. ಮೂವರೂ ಬೀದಿಯಲ್ಲಿ ಓಡಿದೆವು. ನನ್ನ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಜನ ಅಂಗಡಿ ಬಿಟ್ಟು ಹಿಂದೆ ಬಂದರು. ಕಟ್ಟೆಯ ಮೇಲೆ ಕಿವಿ ಸಾಹೇಬರು ಮೇಜಿನ ಹಿಂದೆ ಕೂತು ಗಡಿಯಾರ ನೋಡುತ್ತಿದ್ದರು, ಅವರ ಬೆನ್ನ ಹಿಂದೆ ಸಂಜೆಗೆ ಹೊರಡುವ ಹಡಗು ನಿಂತಿತ್ತು.

“ಏನ್ರೀ ಟೀಚರೇ ಇದು ಅವತಾರ?” ಎಂದರು.

“ಚುರು ಮಾಡಿ ಚಾರ್,” ಎಂದೆ. ತುಟಿ ನನ್ನದೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಒಂಬತ್ತು ವಾಕ್ಯಗಳನ್ನು ನಾನು ಹೇಳಿದ ರೀತಿಗೆ ಊರು ಈಗಲೂ ನಗುತ್ತದೆ. ‘ಹೆನ್ಸ್’ ಹೋಗಿ ಏನೋ ಆಗಿತ್ತು, ‘ಕ್ವೈಯಟ್’ ಜೊತೆಗೆ ಹತ್ತಿಯ ಚೂರೂ ಹಾರಿತು. ಆದರೆ ಸದ್ದು ಬಂತು. ನಾನು ತೊದಲಿದ್ದನ್ನೆಲ್ಲ ಹ್ವೇಫನ್ ಗಾಜಿನಷ್ಟು ಸ್ವಚ್ಛವಾಗಿ ಹೇಳುತ್ತಾ ಹೋದಳು. ಸಾಹೇಬರ ಪೆನ್ಸಿಲು ಒಂಬತ್ತು ಸಲ ಗೀಟೆಳೆಯಿತು.

ಹತ್ತನೆಯದು. ನನ್ನ ಕೊನೆಯ ಎಂಟು ದಿನದ ಓಡಾಟ ಎಲ್ಲರಿಗೂ ಗೊತ್ತಿತ್ತು. ಪುಟ್ಟಗೌರಮ್ಮ ಕಣ್ಣು ಮುಚ್ಚಿ ಕೈ ಜೋಡಿಸಿದ್ದರು. ಬಾಯಿಂದ ಹತ್ತಿ ತೆಗೆದು, ಹಲ್ಲಿದ್ದ ಜಾಗದ ಗುಳಿಯನ್ನು ನಾಲಿಗೆಯಿಂದ ಒಮ್ಮೆ ಮುಟ್ಟಿ ನೋಡಿ, ಹೊಟ್ಟೆಯೊಳಗಿಂದ ಉಸಿರೆಳೆದು ಕೂಗಿದೆ.

“ಐ ಕೀಫ್ ಮೈ ವಡ್!”

ಹಡಗಿನ ಕಂಬದ ಮೇಲಿದ್ದ ಕಾಗೆಗಳು ಎದ್ದವು. ನನ್ನ ಧ್ವನಿ, ನನ್ನದೇ, ಆಚೆ ದಡಕ್ಕೆ ಹೋಗಿ ತಿರುಗಿ ಬಂದು ನನಗೇ ಕೇಳಿಸಿತು. ಐವತ್ತೆರಡು ವರ್ಷಕ್ಕೆ ಮೊದಲ ಸಲ! ನಾನು ಅಲ್ಲೇ ಕುಣಿದುಬಿಟ್ಟೆ, ವಯಸ್ಸು ಗಿಯಸ್ಸು ನೋಡಲಿಲ್ಲ. ಕಿವಿ ಸಾಹೇಬರು ಕಿವಿಯಿಂದ ಕೈ ತೆಗೆದರು.

“ಉಚ್ಚಾರಣೆ ಕೆಟ್ಟದಾಗಿದೆ,” ಎಂದರು. “ಆದ್ರೆ ಕೇಳಿಸ್ತು.”

ಕುಣಿಯುತ್ತಿದ್ದ ಕಾಲು ತಟ್ಟನೆ ನಿಂತಿತು. ಹ್ವೇಫನ್! ಅವಳದು ಆಗಿಲ್ಲವಲ್ಲ. ‘ಒಂದೇ, ಅದು ಇನ್ನೂ ಆಗಿಲ್ಲ’ ಎಂದಿದ್ದಳು. ಯಾರಿಗೆ ಕೊಟ್ಟ ಮಾತು, ಏನು ಮಾತು ಎಂದು ನಾನು ಕೇಳಿರಲೂ ಇಲ್ಲ. ನನ್ನ ಬಾಯಿಯ ಚಿಂತೆಯಲ್ಲಿ ಅವಳ ಬಾಯಿಯನ್ನೇ ಮರೆತಿದ್ದೆ. ತಿರುಗಿ ನೋಡಿದರೆ ಅವಳು ನೋಟುಪುಸ್ತಕವನ್ನು ಹತ್ತನೆಯ ಪುಟಕ್ಕೆ ತೆರೆದು, ಆ ಮಾಡಿನ ಕೆಳಗಿನ ಕೈಯನ್ನು ಬೆರಳಿನಿಂದ ಸವರುತ್ತಿದ್ದಳು. ಪುಸ್ತಕ ಮುಚ್ಚಿದಳು. ಕೂಗಲಿಲ್ಲ, ಕತ್ತು ಎತ್ತರಿಸಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಹೇಳಿದಳು.

“ಐ ಕೀಪ್ ಮೈ ವರ್ಡ್.”

ಇಪ್ಪತ್ತು ಹೆಜ್ಜೆಯಲ್ಲ, ಇಡೀ ಕಟ್ಟೆಗೆ ಕೇಳಿಸಿತು. ಸಾಹೇಬರ ಪೆನ್ಸಿಲು ಹತ್ತನೆಯ ಗೀಟು ಎಳೆಯಿತು. ಆಮೇಲಿನ ಗಲಾಟೆ ನಾನು ವರ್ಣಿಸಲಾರೆ. ತಾತನನ್ನು ಯಾರೋ ಎತ್ತಿಕೊಂಡರು, ತಾತ ಮೇಲಿನಿಂದಲೇ ‘ಕಿತ್ತೆ, ಕಿತ್ತೆ’ ಎಂದು ಕನ್ನಡದಲ್ಲಿ ಸಾರಿದರು, ದವಡೆ ಹಿಡಿದುಕೊಂಡಿದ್ದ ಐದಾರು ಜನ ಆಗಲೇ ಅವರ ಮನೆಯ ಕಡೆ ಸಾಲು ಹಿಡಿಯಲು ಓಡಿದರು. ನಾನು ಜನರನ್ನು ತಳ್ಳಿಕೊಂಡು ಹೋಗಿ ಹ್ವೇಫನ್‌ಳ ಭುಜ ಹಿಡಿದೆ.

“ಯಾರಿಗೇ ಕೊಟ್ಟಿದ್ದೆ? ಏನು ಮಾತು? ಯಾವಾಗ ಆಯ್ತು ಅದು?”

“ಮಾವನಿಗೆ,” ಎಂದಳು. “ದಿನಾ ಬೆಳಿಗ್ಗೆ ಕುರ್ಚಿ ಒರೆಸುವಾಗ ಕೇಳ್ತಿದ್ರು. ನಾನು ಮಾತು ಕೊಡ್ತಿದ್ದೆ, ಟೀಚರಮ್ಮ ಬರ್ತಾರೆ, ಅಂತ. ಇವತ್ತು ಒಂಬತ್ತೂವರೆಗೆ ಆಯ್ತು.”

ನನ್ನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಈ ಸಲ ಅದು ಊರಿನ ದೋಷವಲ್ಲ. ಅವಳನ್ನು ಎದೆಗೊತ್ತಿಕೊಂಡೆ. ನನ್ನ ಮರಗಟ್ಟಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿದ್ದುದು ನನಗೆ ಗೊತ್ತಾದದ್ದು ಅದು ಅವಳ ತಲೆಯ ಮೇಲೆ ಬಿದ್ದಾಗ.

ಸಂಜೆ ಹಡಗು ಅವರಿಲ್ಲದೆ ಹೊರಟಿತು. ಕಟ್ಟೆಯಿಂದ ಹಿಂದಿರುಗುವಾಗ ಪುಟ್ಟಗೌರಮ್ಮ ನನ್ನ ಪಕ್ಕಕ್ಕೆ ಬಂದರು. “ಕನಕವಲ್ಲಿಯವರೇ, ನಾಳೆ ನಮ್ಮನೆಗೆ ಊಟಕ್ಕೆ ಬರ್ತೀರಾ? ಮೆತ್ತಗೆ ಗಂಜಿ ಮಾಡ್ತೀನಿ.”

‘ಬರ್ತೀನಿ’ ಎಂಬುದು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ ಹ್ವೇಫನ್ ನೀಲಿ ನೋಟುಪುಸ್ತಕ ತೆರೆದು, ಪೆನ್ಸಿಲು ಹಿಡಿದು, ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಬಾಯಿ ಮುಚ್ಚಿಕೊಂಡೆ. ನಾಳೆ ಏನೇನು ಕೆಲಸವಿದೆ ಎಂದು ಯೋಚಿಸಿದೆ.

“ಎಷ್ಟು ಗಂಟೆಗೆ?” ಎಂದು ಕೇಳಿದೆ.